ಹಣಮವ್ವನ ಎರಡು ಅಂಕಣ

೨೦೨೪ರ ಫೆಬ್ರುವರಿಯ ಕೊನೆಯ ವಾರ, ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ ನಲವತ್ತಾರು ಮನೆಗಳವರು ಒಂದೇ ದಿನ, ಒಬ್ಬರನ್ನೊಬ್ಬರು ಕೇಳದೆಯೇ, ಒಂದೇ ಬಗೆಯ ಸುಳ್ಳು ಹೇಳಿದರು. ನಲವತ್ತೇಳನೆಯ ಮನೆ ಹಣಮವ್ವನವರದು. ಅವರು ಏನನ್ನೂ ಹೇಳಲಿಲ್ಲ.

ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ತಮ್ಮ ಮಾತನ್ನು ಧ್ವನಿಮುದ್ರಿಸಿಕೊಳ್ಳಲು ಹಣಮವ್ವ ಹಾಕಿದ ಮೊದಲ ಷರತ್ತು ಅದು. ಎರಡನೆಯದು, ಪ್ರತಿ ಭೇಟಿಯ ಆರಂಭದಲ್ಲಿ ಹಿಂದಿನ ಭೇಟಿಯ ಮಾತನ್ನು ಅವರಿಗೆ ಓದಿ ಹೇಳಬೇಕು. ಒಟ್ಟು ಹನ್ನೊಂದು ಭೇಟಿಗಳಾದವು. ಓದಿ ಮುಗಿಸಿದಾಗಲೆಲ್ಲ ಅವರು ಕೇಳುತ್ತಿದ್ದ ಪ್ರಶ್ನೆ ಒಂದೇ: "ಇದನ್ನ ಮತ್ತ ಯಾರಿಗೆ ಓದಿ ಹೇಳಿರಿ?"

ಫೆಬ್ರುವರಿಯ ಆ ದಿನ ಕೇಂದ್ರಕ್ಕೆ ಬಂದವಳು ಪ್ರಣೀತಾ ಎಂಬ ತರುಣಿ. ಜಮಖಂಡಿಯವಳು. ಪುಣೆಯ ಒಂದು ಸಣ್ಣ ಪ್ರವಾಸ ಕಂಪನಿಯಲ್ಲಿ ಕೆಲಸ. ಕಂಪನಿಯ ಮುಂದಿದ್ದ ಯೋಚನೆ ವಿಚಿತ್ರವಾದದ್ದು. ಬೇಸಿಗೆಯಲ್ಲಿ ಕೃಷ್ಣೆಯ ಹಿನ್ನೀರು ಇಳಿದಾಗ, ಎರಡು ದಶಕಗಳ ಹಿಂದೆ ಮುಳುಗಿದ ಊರಿನ ತಳಪಾಯಗಳು ಕೆಲವು ವಾರ ಬಿಸಿಲಿಗೆ ತೆರೆದುಕೊಳ್ಳುತ್ತವೆ. ಪ್ರವಾಸಿಗರನ್ನು ಆ ತಳಪಾಯಗಳ ನಡುವೆ ನಡೆಸಬೇಕು. ಅಲ್ಲಿ ಬಾಳಿದವರು ತಂತಮ್ಮ ಹೊಸ್ತಿಲು ಇದ್ದಲ್ಲಿ ನಿಂತು, ಇಲ್ಲದ ಮನೆಯನ್ನು ಮಾತಿನಲ್ಲಿ ತೋರಿಸಬೇಕು. ಗುಡಿಯಿಲ್ಲ, ಕೋಟೆಯಿಲ್ಲ, ದೋಣಿಯೂ ಇಲ್ಲ. ಎಲ್ಲೂ ನಡೆದಿರದ ಇಂಥ ಪ್ರವಾಸಕ್ಕೆ ಯಾರಾದರೂ ಬಂದಾರೆಯೇ ಎಂಬುದನ್ನು ಬಂಡವಾಳ ಹಾಕುವ ಮೊದಲೇ ತಿಳಿಯುವುದು ಪ್ರಣೀತಾಳ ಕೆಲಸ. ಒಂದು ಟ್ಯಾಬು, ಆರು ಚಿತ್ರಗಳು, ಹದಿನಾಲ್ಕು ಪ್ರಶ್ನೆಗಳು ಅವಳ ಸಾಮಗ್ರಿ.

ಮೊದಲು ಅವಳು ಪಟ್ಟಣಗಳಲ್ಲಿ ಕೇಳಿದ್ದಳು. ಜಮಖಂಡಿಯ ಬಸ್ ನಿಲ್ದಾಣದಲ್ಲಿ ಎಲ್ಲರೂ "ಬರ್ತೀವಿ ಬಿಡ್ರೀ" ಎಂದು ಬಸ್ಸು ಹತ್ತಿದರು; ಫೋನ್ ನಂಬರು ಕೊಟ್ಟವರು ಇಬ್ಬರೇ. ಮುಧೋಳದಲ್ಲಿ, ಜೊತೆಗೆ ಊಟ ಇದೆಯೇ ಎಂದು ಕೇಳಿದರು. ಬನಹಟ್ಟಿಯ ಒಬ್ಬ ನೇಕಾರರು ಮಗ್ಗ ನಿಲ್ಲಿಸಿ, ಆರೂ ಚಿತ್ರಗಳನ್ನು ನಿಧಾನವಾಗಿ ನೋಡಿ, "ಬಾಯಾರ, ದಿನಾ ಹತ್ತು ತಾಸು ಖಾಲಿ ಗ್ವಾಡಿ ನೋಡಕೊಂತ ಕುಂದರ್ತೀನಿ. ರೊಕ್ಕಾ ಕೊಟ್ಟು ಇನ್ನೊಂದ ಖಾಲಿ ಜಾಗಾ ನೋಡ್ಲೇನು?" ಎಂದು ಮತ್ತೆ ಮಗ್ಗ ಹೂಡಿದರು.

ಪುನರ್ವಸತಿ ಕೇಂದ್ರದಲ್ಲಿ ಮಾತ್ರ ಉತ್ಸಾಹ ತುಂಬಿ ಹರಿಯಿತು. ಹಣಮವ್ವನವರ ನೆರೆಮನೆಯ ಪಾಂಡಪ್ಪನವರು ಕೊಟ್ಟ ಉತ್ತರ ಪ್ರಣೀತಾಳ ಧ್ವನಿಮುದ್ರಿಕೆಯಲ್ಲಿ ಹೀಗಿದೆ:

"ನಿಮ್ಮ ಮನಿಯಿಂದ ಎಷ್ಟು ಮಂದಿ ಹಳೇ ಊರು ನೋಡ್ಲಿಕ್ಕೆ ಬರ್ತೀರಿ?"

"ಐದು ಕುಟುಂಬ. ಬರಕೋರಿ."

"ಐದು ಮಂದಿನಾ?"

"ಮಂದಿ ಅಲ್ಲರೀ, ಕುಟುಂಬ! ಹದಿನೆಂಟು ತುಂಬಿದ ಗಂಡಮಕ್ಕಳು ಬ್ಯಾರೆ ಬ್ಯಾರೆ ಬರ್ತಾವು. ಸಣ್ಣಂವಗ ಮುಂದಿನ ತಿಂಗಳ ತುಂಬತಾವು, ಅವನ್ನೂ ಹಾಕಿಬಿಡ್ರಿ."

"ಆಯ್ತ್ರೀ. ಅಲ್ಲಿ ಏನೇನು ನೋಡಬೇಕಂತ ಆಸೆ ಅದ?"

"ಏಳು ಅಂಕಣದ ಮನಿ. ಒಂದು ಬಾಂವಿ, ಕಲ್ಲ ಕಟ್ಟಿದ್ದು. ಹನ್ನೆರಡು ಬೇವಿನ ಗಿಡ. ಎರಡು ಹುಣಸಿ, ಎರಡೂ ಹಣ್ಣ ಬಿಡೂವು. ಹಣ್ಣ ಬಿಡೂವು ಅಂತ ಬರದ್ರೇನ್ರೀ?"

ಪಾಂಡಪ್ಪನವರು ಉತ್ತರಿಸಿದ್ದು ಪ್ರವಾಸದ ಪ್ರಶ್ನೆಗಲ್ಲ. ಅಣೆಕಟ್ಟಿನ ಎತ್ತರ ಹೆಚ್ಚಿಸುವ ಮಾತು ಆಗ ಮತ್ತೆ ಕೇಳಿಬರುತ್ತಿತ್ತು. ಹಳೆಯ ಊರು, ಮನೆ, ಕುಟುಂಬ ಎಂಬ ಮೂರು ಪದಗಳನ್ನು ಹಿಡಿದು, ಕೈಯಲ್ಲಿ ಬರೆದುಕೊಳ್ಳುವ ಸಾಧನವಿಟ್ಟುಕೊಂಡು ಬಂದವರು ಆ ಓಣಿಯಲ್ಲಿ ಮುಳುಗಡೆಯ ಸರ್ವೆಯವರಲ್ಲದೆ ಮತ್ತೇನೂ ಆಗಿರಲು ಸಾಧ್ಯವಿರಲಿಲ್ಲ. ಹಿಂದಿನ ಸರ್ವೆಯಲ್ಲಿ ಇದ್ದುದನ್ನು ಇದ್ದ ಹಾಗೆ ಹೇಳಿದವರು ಪರಿಹಾರದಲ್ಲಿ ಸೋತಿದ್ದರು. ಆ ಪಾಠವನ್ನು ನಲವತ್ತಾರು ಮನೆಗಳೂ ಕಲಿತಿದ್ದವು. ಪ್ರಣೀತಾಳ ಟ್ಯಾಬಿನಲ್ಲಿ ಸಂಜೆಯ ಹೊತ್ತಿಗೆ ನಾನೂರಕ್ಕೂ ಹೆಚ್ಚು ಜನ, "ಖಂಡಿತ ಬರುತ್ತೇನೆ" ಎಂಬ ಸಾಲಿನಲ್ಲಿ ಸೇರಿದ್ದರು.

ಕೊನೆಗೆ ಅವಳು ಹಣಮವ್ವನವರ ಕಟ್ಟೆಗೆ ಬಂದಳು. ಹಣಮವ್ವ ಉಣ್ಣೆ ನೂಲುತ್ತ ಕುಳಿತಿದ್ದರು. ಕುರಿ ಮಾರಿ ವರ್ಷಗಳಾದರೂ ಕದಿರು ಬಿಟ್ಟಿರಲಿಲ್ಲ. ಸೊಸೆ ರೇಷ್ಮಾ ಬಾಗಿಲಲ್ಲಿ ನಿಂತಿದ್ದರು.

"ಹಳೇ ಊರಾಗ ನಿಮ್ಮ ಮನಿ ಎಲ್ಲಿತ್ರೀ, ಅಮ್ಮಾ?"

"ಯಾರು ಕೇಳಾಕ ಹಚ್ಚ್ಯಾರು?"

"ಕಂಪನಿಯವರು."

"ಯಾ ಕಂಪನಿ? ನೀರಿಂದೋ, ಮಣ್ಣಿಂದೋ?"

"ಪ್ರವಾಸದ್ದು. ಮಂದಿನ್ನ ಕರಕೊಂಡು ಬಂದು ಊರು ತೋರಸ್ತೀವ್ರೀ."

"ಅಲ್ಲೇನೈತಿ ತೋರಸಾಕ?"

"ಏನೂ ಇಲ್ಲ. ಏನೂ ಇಲ್ಲದ್ದನ್ನ ನೋಡ್ಲಿಕ್ಕೆ ಬರ್ತಾರೇನು ಅಂತ ಕೇಳ್ಲಿಕ್ಕೇ ಬಂದೀನಿ."

"ಏನೂ ಇಲ್ಲದ್ದಕ್ಕ ಪುಣೇದಿಂದ ಮಂದಿ." ಹಣಮವ್ವ ಕದಿರು ನಿಲ್ಲಿಸಿದರು. "ಬಾಯಾರ, ನಾ ಕುರಿ ಕಾದಾಕಿ. ಕುರಿ ಅಲ್ಲ."

ಆ ಮನೆಯ ಹದಿನಾಲ್ಕು ಪ್ರಶ್ನೆಗಳಿಗೂ ಟ್ಯಾಬಿನಲ್ಲಿ "ಉತ್ತರವಿಲ್ಲ" ಎಂದೇ ದಾಖಲಾಗಿದೆ.

ಈ ಮೌನಕ್ಕೆ ಇಪ್ಪತ್ತೇಳು ವರ್ಷಗಳ ಹಿನ್ನೆಲೆಯಿತ್ತು. ಹಣಮವ್ವ ಹುಟ್ಟಿದ್ದು ಮುಳುಗಿದ ಆ ಊರಿನ ಹಾಲುಮತದ ಮನೆಯಲ್ಲಿ. ಮದುವೆಯಾಗಿ ಹೋದದ್ದು ಸಾವಳಗಿಯ ಕಡೆಗೆ. ಮೂವತ್ತರ ಸುಮಾರಿಗೆ ಗಂಡ ತೀರಿಕೊಂಡರು. ಎರಡು ವರ್ಷದ ಮಗ ಹಾಲೇಶನನ್ನು ಎತ್ತಿಕೊಂಡು ತವರಿಗೆ ಮರಳಿದರು. ತಮ್ಮ ರೇವಪ್ಪನವರ ಮನೆಯಲ್ಲಿ ಒಂದು ಮಳೆಗಾಲ ಕಳೆದ ಮೇಲೆ, ಕುರಿದೊಡ್ಡಿಯ ಪಡುವಣ ಗೋಡೆಗೆ ಹೊಂದಿಸಿ ಎರಡು ಅಂಕಣದ ಮನೆ ಕಟ್ಟಿಕೊಂಡರು. ಅಂದರೆ ಮೂರು ಸಾಲು ಕಂಬ, ನಡುವೆ ಎರಡು ಕೋಣೆಯಷ್ಟು ಜಾಗ, ಮೇಲೆ ಮಣ್ಣಿನ ಮಾಳಿಗೆ. ಕಲ್ಲು ಹೊತ್ತದ್ದು ಅವರೇ. ಗೋಡೆ ಇಟ್ಟದ್ದೂ ಬಹುಪಾಲು ಅವರೇ. ಈ ಸಂಗತಿಯನ್ನು ರೇವಪ್ಪನವರೂ ಅಲ್ಲಗಳೆಯುವುದಿಲ್ಲ. ಆದರೆ ಅವರು "ಕಟ್ಟಿಕೊಂಡಳು" ಎನ್ನುವುದಿಲ್ಲ, "ದೊಡ್ಡಿಗೆ ಹಚ್ಚಿಕೊಂಡಳು" ಎನ್ನುತ್ತಾರೆ.

ಸುಗ್ಗಿ ಮುಗಿದ ಮೇಲೆ ಹಣಮವ್ವ ಹಿಂಡು ಹೊಡೆದುಕೊಂಡು ಸಾವಳಗಿಯ ಎರೆಹೊಲಗಳಿಗೆ ಹೋಗುತ್ತಿದ್ದರು. ಗೊಬ್ಬರಕ್ಕಾಗಿ ಹೊಲದವರು ಕುರಿ ನಿಲ್ಲಿಸಿಕೊಳ್ಳುತ್ತಿದ್ದರು. ಮುಳುಗಡೆಯ ಮನೆಗಳ ಸರ್ವೆ ನಡೆದದ್ದು ಅಂಥ ಒಂದು ತಿರುಗಾಟದ ನಡುವೆ. ಅಳೆಯುವವರು ಬಂದ ದಿನ ಊರಿನಲ್ಲಿದ್ದವರು ರೇವಪ್ಪ. ಪಡುವಣ ಗೋಡೆಯಾಚೆಯ ಕಟ್ಟಡ ಯಾವುದೆಂದು ಕೇಳಿದಾಗ, ಅದೂ ದೊಡ್ಡಿಯೇ ಎಂದರು. ಅವರು ಹೇಳಿದ್ದು ಕಾಗದಕ್ಕೆ ಬಂತು. ಮರಳಿ ಬಂದ ಹಣಮವ್ವ ಅರ್ಜಿ ಹಿಡಿದು ಎರಡು ವರ್ಷ ಬೀಳಗಿಯ ಕಚೇರಿಗೆ ಅಲೆದರು. ಊರಿನ ಯಾರಾದರೂ ಬಂದು ಸಾಕ್ಷಿ ಹೇಳಲಿ ಎಂದರು ಅಲ್ಲಿಯವರು. ಯಾರೂ ಬರಲಿಲ್ಲ. ಪಾಂಡಪ್ಪನವರು ಇದರ ಕಾರಣವನ್ನು ಮುಚ್ಚಿಡದೆ ಹೇಳಿದ್ದಾರೆ: "ಒಂದ ಮನಿ ಕಾಗದಾ ತಗದ್ರ ಎಲ್ಲಾರ ಮನಿ ಕಾಗದಾ ತಗೀತಾರ. ನಮ್ಮವೂ ಏನ್ ನೆಟ್ಟಗಿದ್ದವ್ರೀ?"

ನೀರು ಬಂತು. ರೇವಪ್ಪನವರಿಗೆ ಪುನರ್ವಸತಿ ಕೇಂದ್ರದ ದೊಡ್ಡ ರಸ್ತೆಯ ಮೇಲೆ ನಿವೇಶನ ಸಿಕ್ಕಿತು. ಹಣಮವ್ವನವರ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅಕ್ಕ ಬೀದಿಗೆ ಬೀಳಬಾರದೆಂದು ರೇವಪ್ಪ ತಮ್ಮ ನಿವೇಶನದ ಮುಂಭಾಗದಲ್ಲಿ ಎರಡು ಕೋಣೆ ಹಾಕಿಸಿಕೊಟ್ಟರು. ಅದನ್ನು ಅವರು ಕೊಟ್ಟದ್ದು ಎನ್ನುತ್ತಾರೆ, ಹಣಮವ್ವ ಬಂದದ್ದು ಎನ್ನುತ್ತಾರೆ. ಇಷ್ಟು ವರ್ಷ ಒಂದೇ ಅಂಗಳದಲ್ಲಿ ಇಬ್ಬರೂ ತಮ್ಮ ತಮ್ಮ ಕ್ರಿಯಾಪದಗಳೊಂದಿಗೆ ಬದುಕಿದರು.

೨೦೨೪ರ ಜನವರಿಯಲ್ಲಿ ಈ ಏರ್ಪಾಡು ಅಲುಗಾಡಿತು. ರೇವಪ್ಪನವರ ಮಗ ಮಾಳು ಹೊಸ ಮನೆ ಕಟ್ಟಲು ಹೊರಟ. ರಸ್ತೆಯ ಕಡೆಗೆ ಎರಡು ಅಂಗಡಿ, ಮೇಲೆ ವಾಸ. ಹಣಮವ್ವನವರ ಕೋಣೆಗಳು ಇದ್ದದ್ದು ಅಂಗಡಿಗಳು ಬರಬೇಕಾದ ಜಾಗದಲ್ಲಿ.

"ಅತ್ತಿ, ಹಿಂದ ಎಮ್ಮಿ ಕಟ್ಟೂ ಕಡೆ ಒಂದ ಖೋಲಿ ಹಾಕಿ ಕೊಡ್ತೇವು. ತಂಪ ಇರತೈತಿ" ಎಂದ ಮಾಳು.

"ತಂಪ ನಿಮ್ಮಪ್ಪಗ ಬೇಕು, ವಯಸ್ಸಾಗೇತಿ. ನನ್ನ ಮನಿ ಮುಳುಗೇತಿ, ಅದಕ್ಕ ಈ ಜಾಗಾ ಬಂದೈತಿ. ನಾ ಸರಿಯಾಂಗಿಲ್ಲ."

"ಮನಿ ಎಲ್ಲಿತ್ತತ್ತಿ? ದೊಡ್ಡಿ ಅಂತ ಕಾಗದದಾಗ ಐತಲ್ಲ."

ಆ ಊರು ಮುಳುಗಿದಾಗ ಮಾಳುವಿಗೆ ಏಳು ವರ್ಷ. ಅವನು ವಂಚನೆಯಿಂದ ಹೀಗೆ ಹೇಳಿದ ಎನ್ನಲು ಆಧಾರವಿಲ್ಲ. ಬೆಳೆಯುತ್ತ ಕೇಳಿಸಿಕೊಂಡದ್ದೇ ಅಷ್ಟು. ಹಾಲೇಶ ಕಬ್ಬಿನ ಹಂಗಾಮಿನಲ್ಲಿ ಸಮೀರವಾಡಿಯ ಸುತ್ತ ಟ್ರ್ಯಾಕ್ಟರ್ ಓಡಿಸುತ್ತಿದ್ದರು. ಮಾವನ ಮಾತಿಗೆ ಎದುರಾಡುವ ಸ್ವಭಾವ ಅವರದಲ್ಲ. ಮುಂಭಾಗದ ಎರಡು ಕೋಣೆ ಉಳಿಯಬೇಕಾದರೆ, ನೀರಿನ ಅಡಿಯಲ್ಲಿದ್ದ ಎರಡು ಅಂಕಣ ಮನೆಯೆಂದು ಸಾಬೀತಾಗಬೇಕಿತ್ತು. ಹೇಳಬೇಕಾದವರು ರೇವಪ್ಪ. ಅವರು ಹೇಳುತ್ತಿರಲಿಲ್ಲ.

ಹೀಗಿರುವಾಗ ನಾನೂರು ಜನರ ಉತ್ಸಾಹವನ್ನು ಕಂಡ ಕಂಪನಿ, ಮೇ ತಿಂಗಳಲ್ಲಿ ಒಂದು ಪರೀಕ್ಷಾ ನಡಿಗೆ ನಡೆಸಲು ತೀರ್ಮಾನಿಸಿತು. ಊರಿನ ಓಣಿಗಳನ್ನು ಕಣ್ಣುಮುಚ್ಚಿ ಹೇಳಬಲ್ಲವರೆಂದು ರೇವಪ್ಪನವರನ್ನು ದಾರಿ ತೋರಿಸಲು ಗೊತ್ತುಮಾಡಿತು. ಅವರ ಬಾಯಿಂದ ಕೇಳಿ, ಯಾರ ಮನೆ ಎಲ್ಲಿತ್ತೆಂಬ ನಕ್ಷೆ ಬರೆಸಿತು. ಜನರನ್ನು ಕರೆತರಲು ಮಾಳುವಿನ ಜೀಪನ್ನೇ ಹಿಡಿಯಿತು. ನಕ್ಷೆಯಲ್ಲಿ ಪಡುವಣ ಗೋಡೆಯ ಎರಡೂ ಬದಿಗೆ "ಕುರಿದೊಡ್ಡಿ" ಎಂದಿತ್ತು. ರೇಷ್ಮಾ ಅದನ್ನು ಓದಿ ಹೇಳಿದಾಗ ಹಣಮವ್ವನವರ ಅನುಮಾನಕ್ಕೆ ಕಾಲು ಬಂದವು. ತಮ್ಮ, ಅಳಿಯ, ಕಂಪನಿ ಮೂವರೂ ಕೂಡಿ ಎರಡನೆಯ ಸರ್ವೆ ಮಾಡುತ್ತಿದ್ದಾರೆ. ಮೊದಲ ಕಾಗದಕ್ಕೆ ಈಗ ಎರಡನೆಯ ಕಾಗದವನ್ನು ಸಾಕ್ಷಿ ನಿಲ್ಲಿಸುತ್ತಾರೆ. ಇದು ಅವರು ಏಪ್ರಿಲ್‌ನಲ್ಲಿ ಹೇಳಿದ ಮಾತು. ಮೂರು ಭೇಟಿಗಳ ನಂತರವೂ ಅದನ್ನು ಸಡಿಲಿಸಲಿಲ್ಲ.

ಅದೇ ತಿಂಗಳು ಪ್ರಣೀತಾ ಮತ್ತೆ ಬಂದಳು, ಕುಗ್ಗಿದ ಮುಖ ಹೊತ್ತು. ನಡಿಗೆಗೆ ಹೆಸರು ಬರೆಸಿ ಎಂದು ಮನೆಮನೆಗೆ ಹೋಗಿದ್ದಳು. ಇದು ಅಣೆಕಟ್ಟಿನ ಕೆಲಸವಲ್ಲವೆಂದು ಆಣೆ ಇಟ್ಟು ಹೇಳಿದ ಕೂಡಲೇ ನಾನೂರು ಜನ ಕರಗಿದ್ದರು. "ಹಂಗಾರ ನಮ್ಮ ಹುಣಸಿ ಗಿಡ ಅಳಿಸಿಬಿಡ್ರಿ" ಎಂದು ಪಾಂಡಪ್ಪನವರು ನಕ್ಕಿದ್ದರಂತೆ. ಇದನ್ನೆಲ್ಲ ಅವಳು ಹಣಮವ್ವನವರಿಗೆ ಏಕೆ ಹೇಳಿದಳೆಂದು ಕೇಳಿದಾಗ, "ಅವರೊಬ್ಬರೇ ನನಗ ಸುಳ್ಳು ಹೇಳಿದ್ದಿಲ್ಲ" ಎಂದಳು.

ಹಣಮವ್ವ ಎಲ್ಲ ಕೇಳಿ ತಲೆಯಾಡಿಸಿದರು.

"ಬಾಯಿ ಕೇಳಿದ್ರ ಹಿಂಗ ಆಗೂದು. ಮುಧೋಳ ಸಂತ್ಯಾಗ ನಾವು ಕುರಿ ಹಿಡಕೊಂಡು ನಿಂತಾಗ ತಗೋಳಾಂವನ ಬಾಯಿ ಕೇಳತಿದ್ದಿಲ್ಲ. ಛಲೋ ಐತಿ, ಛಲೋ ಐತಿ ಅಂದಾಂವ ಮುಂದ ಹೊಕ್ಕಾನ. ತಗೋಳಾಂವ ಮಾತಾಡಾಂಗಿಲ್ಲ. ಅವನ ಕೈ ಸುಮ್ಮನ ಕುರಿ ಟೊಂಕಕ್ಕ ಹೊಕ್ಕೈತಿ, ಎಲುವು ಒತ್ತಿ ನೋಡತೈತಿ. ಕೈ ಬಂತು ಅಂದ್ರ ಗಿರಾಕಿ ಬಂತು."

"ಇಲ್ಲಿ ಕುರಿ ಎಲ್ಲದರೀ ಅಮ್ಮಾ, ಕೈ ಹಚ್ಚಿ ನೋಡ್ಲಿಕ್ಕೆ?"

ಹಣಮವ್ವ ಒಂದು ಕೇಳಿಕೆ ಮುಂದಿಟ್ಟರು. ತಾವು ಹೊಸ್ತಿಲಲ್ಲಿ ನಿಂತು ಕಥೆ ಹೇಳುವುದಿಲ್ಲ. ಆದರೆ ರೇವಪ್ಪ ದೊಡ್ಡಿಯ ಹತ್ತಿರ ಬಂದಾಗ ಎಲ್ಲರನ್ನೂ ಸ್ವಲ್ಪ ಹೊತ್ತು ನಿಲ್ಲಿಸಬೇಕು. ಅವನು ಏನೆನ್ನುತ್ತಾನೋ ಅನ್ನಲಿ, ಯಾರೂ ನಡುವೆ ಬಾಯಿ ಹಾಕಬಾರದು. ಕಾರಣ ಹೇಳಲಿಲ್ಲ. ಪ್ರಣೀತಾಳಿಗೂ ಆ ದಿನ ಸಂಶಯ ಬಂದಿತ್ತು: ಮನೆಯ ವ್ಯಾಜ್ಯಕ್ಕೆ ಈ ಮುದುಕಿ ಕಂಪನಿಯನ್ನು ಬಳಸಿಕೊಳ್ಳುತ್ತಿರಬಹುದೇ? ಬಳಸಿಕೊಳ್ಳುತ್ತಿದ್ದರು. ಅವಳು ಒಪ್ಪಿದಳು.

ಮೇ ಹನ್ನೆರಡು, ಭಾನುವಾರ, ಬೆಳಗಿನ ಏಳು ಗಂಟೆ. ಹಿನ್ನೀರು ಅರ್ಧ ಮೈಲಿ ಹಿಂದೆ ಸರಿದಿತ್ತು. ಬಿರುಕು ಬಿಟ್ಟ ರೇವೆ ಮಣ್ಣಿನ ಮೇಲೆ ಗೋಡೆಗಳ ಬುಡಗಳು ಮೊಣಕಾಲೆತ್ತರಕ್ಕೆ ಕಾಣುತ್ತಿದ್ದವು. ಜೀಪಿನಿಂದ ಒಂಬತ್ತು ಜನ ಇಳಿದರು. ದಂಡೆಯ ಮೇಲೆ ಕಂಬಳಿ ಹಾಸಿ ಕುಳಿತಿದ್ದ ಹಣಮವ್ವ, ಪ್ರಣೀತಾಳನ್ನು ಹತ್ತಿರ ಕರೆದರು.

"ಇವರಾಗ ತಮ್ಮ ರೊಕ್ಕಾ ಕೊಟ್ಟು ಬಂದವರೆಷ್ಟು?"

"ನಾಲ್ಕು."

"ಉಳದವ್ರು?"

"ನಾಲ್ಕು ಕಂಪನಿಯವರು. ಇನ್ನೊಬ್ಬಾಕಿ ನಮ್ಮಜ್ಜಿ, ಕಾಶೀಬಾಯಿ. ಸಂಖ್ಯೆ ಕಡಿಮಿ ಬಿತ್ತಂತ ಕರಕೊಂಡು ಬಂದೆ."

"ಸಂತ್ಯಾಗೂ ಹಿಂಗ. ಗಿರಾಕಿ ಇಲ್ಲಂದ್ರ ತಮ್ಮವರನ್ನ ನಿಂದ್ರಸತಾರ" ಎಂದ ಹಣಮವ್ವ ಮತ್ತೆ ತಮ್ಮನ ಬೆನ್ನಿನ ಕಡೆಗೇ ಕಣ್ಣಿಟ್ಟರು.

ರೇವಪ್ಪ ಚೆನ್ನಾಗಿಯೇ ದಾರಿ ತೋರಿಸಿದರು ಎಂಬುದಕ್ಕೆ ಎಲ್ಲರ ಹೇಳಿಕೆಯೂ ಹೊಂದುತ್ತದೆ. ಚಾವಡಿ, ಶಾಲೆ, ಹಿಟ್ಟಿನ ಗಿರಣಿ. ಜನ ಫೋಟೋ ತೆಗೆದರು, ನೀರು ಕುಡಿದರು, ಹೊತ್ತು ನೋಡಿಕೊಂಡರು. ದೊಡ್ಡಿಯ ಬಳಿ ಪ್ರಣೀತಾ ಎಲ್ಲರನ್ನೂ ನಿಲ್ಲಿಸಿದಳು.

"ಇದು ನಮ್ಮ ಕುರಿದೊಡ್ಡಿ" ಎಂದರು ರೇವಪ್ಪ. "ಗ್ವಾಡಿ ಈಚೀದೂ ದೊಡ್ಡಿ, ಆಚೀದೂ ದೊಡ್ಡಿ. ಇನ್ನೂರು ಕುರಿ ಕೂಡತಿದ್ವು."

ಎಂಟು ಜನ ತಲೆಯಾಡಿಸಿ ಮುಂದೆ ನೋಡಿದರು. ಎಪ್ಪತ್ತೆಂಟರ ಕಾಶೀಬಾಯಿಯವರಿಗೆ ಕಾಲು ಸೋತಿತ್ತು. ಗೋಡೆಯಾಚೆಗೆ ದಾಟಿ, ಒಂದು ಕಲ್ಲಿನ ಮೇಲೆ ಕುಳಿತರು. ಊರಿಕೊಂಡ ಕೊಡೆಯ ತುದಿ ರೇವೆಯೊಳಗೆ ಗೇಣುದ್ದ ಇಳಿದು, ಕಲ್ಲಿಗೆ ತಾಗಿ ಸದ್ದು ಮಾಡಿತು. ಅವರು ಕೊಡೆ ಬದಿಗಿಟ್ಟರು. ಸೆರಗು ಸಿಕ್ಕಿಸಿ, ಕೈಯಿಂದ ಕೆಸರು ಬಳಿದು ತೆಗೆಯತೊಡಗಿದರು. ದುಂಡನೆಯ ಬಾಯಿ, ಒಳಗೆ ಸವೆದು ನುಣುಪಾದ ಕುಳಿ. ನೆಲಕ್ಕೆ ಹೂತ ಒಳ್ಳು. ಖಾರ, ಹಿಂಡಿ ಕುಟ್ಟುವ ಕಲ್ಲು.

"ರೇವಪ್ಪಾ, ಇಲ್ಲಿ ಬಾ. ಇದೇನದ ನೋಡು."

"ಯಾವ್ದರ ಕಲ್ಲ ಇರಬೇಕ್ರೀ ಬಾಯಾರ. ನೀರಾಗ ಎಲ್ಲಿಂದರ ಉಳ್ಳಿ ಬಂದೀತು."

"ಉಳ್ಳಿ ಬಂದದ್ದು ಸುತ್ತಲೂ ಪರಸಿ ಹಾಸಿಕೊಂಡು ಕೂಡತದೇನು? ನೋಡಿಲ್ಲೆ, ಹಾಸಗಲ್ಲು ಒಳ್ಳಿಗೆ ಸರಿಯಾಗಿ ಕೊರದಾರ. ಒಲಿ ಕಟ್ಟೀನೂ ಇಲ್ಲೇ ಅದ." ಕಾಶೀಬಾಯಿ ತಲೆಯೆತ್ತಿದರು. "ಅಲ್ಲೋ, ನಿಮ್ಮ ಕುರಿ ಖಾರ ಕುಟ್ಟಿಕೊಂಡು ಉಣ್ಣತಿದ್ವೇನು?"

ಮುಂದೆ ಹೋದವರು ನಗುತ್ತ ಹಿಂದಿರುಗಿದರು. ಹಣ ಕೊಟ್ಟು ಬಂದಿದ್ದ ಇಬ್ಬರು ಮಂಡಿಯೂರಿ, ಕೇಳದೆಯೇ, ಉಳಿದ ಕೆಸರನ್ನು ಬಳಿದು ತೆಗೆದರು. ಹೊಸ್ತಿಲಿನ ಕಲ್ಲು ಕಂಡಿತು. ಬಾಗಿಲ ತಿರುಗಣೆಯ ಕುಳಿ ಕಂಡಿತು. ರೇವಪ್ಪ ಟವೆಲಿನಿಂದ ಮುಖ ಒರೆಸುತ್ತ ನಿಂತರು. ಜೀಪಿನ ಬಳಿಯಿದ್ದ ಮಾಳು ಓಡಿ ಬಂದ. ದಂಡೆಯಿಂದ ಹಣಮವ್ವ ಇಳಿದು ಬರುತ್ತಿದ್ದರು; ಅವಸರವಿರಲಿಲ್ಲ.

"ಯಕ್ಕಾ, ನಾ ಅವತ್ತ…"

"ನನಗ ಹೇಳಬ್ಯಾಡ. ನನಗ ಗೊತ್ತೈತಿ. ಅವರಿಗೆ ಹೇಳು. ಅವರು ರೊಕ್ಕಾ ಕೊಟ್ಟು ಬಂದಾರ."

ರೇವಪ್ಪ ಜನರ ಕಡೆ ತಿರುಗಿದರು. "ದೊಡ್ಡಿ ಆ ಕಡೆ" ಎಂದರು. "ಇದು ನಮ್ಮಕ್ಕನ ಮನಿ. ಎರಡು ಅಂಕಣ." ಪ್ರಣೀತಾ ನಕ್ಷೆಯನ್ನು ಅಲ್ಲಿಯೇ ತಿದ್ದಿದಳು.

ಆ ಒಳ್ಳು ಇಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದುದು ಆಕಸ್ಮಿಕವಲ್ಲ. ನೀರು ಇಳಿದು ಗೋಡೆ ತೋರಿದ ಮೊದಲ ದಿನವೇ, ಪ್ರತಿ ಬೇಸಿಗೆಯೂ, ಹಣಮವ್ವ ಒಬ್ಬರೇ ಹೋಗಿ ಒಳ್ಳಿನ ಬಾಯಿಗೆ ಕೆಸರು ಮೆತ್ತಿ ಬರುತ್ತಿದ್ದರು. ತಾವೇ ಏಕೆ ತೋರಿಸಲಿಲ್ಲ ಎಂಬುದಕ್ಕೆ ಅವರ ಉತ್ತರ: "ನಾ ತೋರಸಿದ್ರ ನಾನ ತಂದು ಹುಗದೇನಿ ಅಂತಿದ್ರು. ಊರವರು ತೋರಸಿದ್ರ ಊರವರು ನನ್ನ ಕಡೆ ಅಂತಿದ್ರು. ಯಾರಿಗೂ ಸಂಬಂಧ ಇಲ್ಲದ ಕೈ ಬೇಕಿತ್ತು. ಅಲ್ಲೀಮಟಾ ಯಾರರ ಕಿತ್ತು ಒಗದಾರಂತ ಮುಚ್ಚತಿದ್ನಿ."

ರೇವಪ್ಪ ಮುಂದೆ ಕೊಟ್ಟ ವಿವರಣೆಗಳು ಎರಡು. ಒಂದು, ಸರ್ವೆಯ ದಿನ ಆ ಮನೆಯಲ್ಲಿ ಈದ ಕುರಿಗಳನ್ನು ಕಟ್ಟಿದ್ದರು. ಕುರಿ ಇದ್ದುದರಿಂದ ದೊಡ್ಡಿ ಎಂದರು. ಎರಡು, ಅಕ್ಕನ ಹೆಸರು ಬರೆಸಿದರೆ ಅವಳ ಗಂಡನ ಮನೆಯವರು ಹಕ್ಕು ಕೇಳಿ ಬರುತ್ತಾರೆಂದು ಹೆದರಿದರು. ಹಣಮವ್ವ ಎರಡನ್ನೂ ಒಪ್ಪುವುದಿಲ್ಲ. "ಗಂಡ ಸತ್ತಾಗ ಬರದವರು ಮನಿ ಮುಳುಗಿದಾಗ ಬರ್ತಿದ್ರೇನು?" ಸತ್ಯ ಯಾವುದೆಂದು ನಿರ್ಣಯಿಸಲು ಬೇರೆ ಸಾಕ್ಷ್ಯ ದೊರೆತಿಲ್ಲ.

ಕಂಪನಿಯ ವರದಿ ಜೂನ್‌ನಲ್ಲಿ ಬಂತು. ಆಸಕ್ತಿ ಸಾಲದು, ಯೋಜನೆಯನ್ನು ಇದೇ ರೂಪದಲ್ಲಿ ಮುಂದುವರಿಸುವಂತಿಲ್ಲ. ಆದರೆ ಜನ ಎಲ್ಲೆಲ್ಲಿ ಎಷ್ಟು ಹೊತ್ತು ನಿಂತರೆಂದು ಅಳೆದಿದ್ದರು. ಚಾವಡಿಯ ಮುಂದೆ ಮೂರು ನಿಮಿಷ, ಶಾಲೆಯ ಮುಂದೆ ನಾಲ್ಕು, ಹಣಮವ್ವನವರ ಮನೆಯಲ್ಲಿ ನಲವತ್ತೊಂದು. ತಕರಾರಿರುವ ಇನ್ನಷ್ಟು ಮನೆಗಳನ್ನು ಹುಡುಕಿ, ಪ್ರವಾಸಿಗರೇ ಸಾಕ್ಷ್ಯ ಶೋಧಿಸುವಂತೆ ಹೊಸದೊಂದು ನಡಿಗೆ ರೂಪಿಸಬಹುದೇ ಎಂದು ಪುಣೆಯಿಂದ ಕೇಳಿದರು. ಪ್ರಣೀತಾ ಅದನ್ನು ಕಟ್ಟೆಯ ಮೇಲೆ ಕುಳಿತು ವಿವರಿಸಿದಳು.

"ತಂಗೀ" ಎಂದರು ಹಣಮವ್ವ. ಹಾಗೆ ಕರೆದದ್ದು ಅದೇ ಮೊದಲು. "ಊರು ಮಾರಾಕ ಬಂದ್ರು, ಆಗಲಿಲ್ಲ. ಈಗ ಜಗಳಾ ಮಾರ್ತಾರಂತೇನು? ನಿನ್ನ ಹದಿನಾಲ್ಕು ಪ್ರಶ್ನೆ ತಗೊಂಡು ಚಾ ಕುಡದು ಮನೀಗೆ ಹೋಗು."

ತಿದ್ದಿದ ನಕ್ಷೆಯ ಒಂದು ಪ್ರತಿ ಹಣಮವ್ವನವರಿಗೆ ಸಿಕ್ಕಿತ್ತು. ಮಾಳು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅತ್ತಿ, ಮನಿ ಅಂತ ನಾನೂ ಕಣ್ಣಾರೆ ನೋಡಿದ್ನಿ. ಆದ್ರ ಜಾಗಾ ಅಪ್ಪನ ಹೆಸರಿಲೆ ಐತಿ. ಟೂರಿನವರ ನಕ್ಷೆ ಎಲ್ಲಿ ನಡೀತೈತಿ?"

"ಎಲ್ಲೂ ನಡ್ಯಾಂಗಿಲ್ಲ. ಅದಕ್ಕ ಬೀರಪ್ಪನ ಗುಡೀಗೆ ನಡೀರಿ."

ಹಾಲುಮತದವರಲ್ಲಿ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಸಿನ, ಮುಟ್ಟಿ ಆಡಿದ ಮಾತನ್ನು ಯಾವ ಕಾಗದವೂ ಮೀರುವುದಿಲ್ಲ. ಮುಂದಿನ ಭಾನುವಾರ ಪೂಜಾರಿ ಮತ್ತು ನಾಲ್ವರು ಹಿರಿಯರ ಎದುರಿಗೆ ರೇವಪ್ಪ ಭಂಡಾರ ಹಿಡಿದು, ಅಕ್ಕನ ಎರಡು ಅಂಕಣದ ಬದಲಿಗೆ ಮುಂಭಾಗದ ಎರಡು ಕೋಣೆ ಅವಳವು, ಅವಳ ಮಗನವು ಎಂದರು. ಅವರ ಕಣ್ಣಲ್ಲಿ ನೀರಿತ್ತೆಂದು ಪಾಂಡಪ್ಪ ಹೇಳುತ್ತಾರೆ. ಅರಿಸಿನ ಹಾರಿತ್ತು ಎಂದು ಹಣಮವ್ವ.

ಎಲ್ಲರೂ ಏಳುತ್ತಿದ್ದಾಗ ಹಣಮವ್ವ ಎದ್ದಿರಲಿಲ್ಲ. "ಮಾಳೂನೂ ಹಿಡೀಲಿ" ಎಂದರು. "ಅಪ್ಪನ ಮಾತು ಅಪ್ಪ ಇರೂ ತನಕ. ಅಂಗಡಿ ಕಟ್ಟಾಂವ ಇಂವ."

"ಅತ್ತಿ, ನನ್ನ ಮ್ಯಾಲೂ ಸಂಶಯ ಏನು?"

"ನಿಮ್ಮಪ್ಪನ ಮ್ಯಾಲ ಇದ್ದಿದ್ದಿಲ್ಲ. ಅದಕ್ಕ ಇಪ್ಪತ್ತೇಳು ವರ್ಷ ಆತು."

ಮಾಳು ಚಪ್ಪಲಿ ಬಿಟ್ಟು ಒಳಗೆ ಬಂದು ಹಿಡಿದ. ಅಂಗಡಿ ಒಂದೇ ಎಂದಾಯಿತು. ಮರುವಾರ ಗೌಂಡಿ ಬಂದು ಸುಣ್ಣದ ಗೆರೆಯನ್ನು ಹಣಮವ್ವನವರ ಗೋಡೆಯಿಂದ ಎರಡು ಅಡಿ ಬಿಟ್ಟು ಎಳೆದ. ಹಣಮವ್ವ ತಮ್ಮ ಹೊರಸು ಮಂಚವನ್ನು ಹೊರಗೆ ತರಿಸಿ, ಗೆರೆಯ ಪಕ್ಕದಲ್ಲಿ ಹಾಕಿಸಿ, ಕುಳಿತರು.

"ಅತ್ಯಾರ, ಅಪ್ಪ ಮಗ ಇಬ್ಬರೂ ಭಂಡಾರ ಮುಟ್ಟ್ಯಾರಲ್ಲ, ಇನ್ಯಾಕ ಬಿಸಲಾಗ ಕುಂದರ್ತೀರಿ?" ಎಂದು ಕೇಳಿದರು ರೇಷ್ಮಾ.

"ಗೌಂಡಿ ಮುಟ್ಟಿಲ್ಲಲ್ಲ."

ನಾಲ್ಕು ದಿನ ಅಲ್ಲಿಯೇ ಕುಳಿತು ಉಣ್ಣೆ ನೂತರು. ಕಲ್ಲು ಮೂರು ವರಸೆ ಎದ್ದು, ಗೋಡೆ ಇನ್ನು ಈಚೆಗೆ ಸರಿಯಲಾರದು ಎಂಬುದು ಕಣ್ಣಿಗೆ ಖಚಿತವಾದ ಸಂಜೆ, ಹೊರಸನ್ನು ಒಳಗೆ ಒಯ್ಯಲು ಹೇಳಿದರು.